ಉಳಿದ ಸ್ಯಾನಿಟೈಸರ್ ಚೆಲ್ಲಬೇಕಾ, ಇಟ್ಟುಕೊಳ್ಳಬಹುದಾ?

ಮನೆಯಲ್ಲೇ ಬಿಯರ್ ಮಾಡುವವರಿಗೆ ಈ ಪೇಚಾಟ ಗೊತ್ತೇ ಇರುತ್ತದೆ. ಕುದಿಸಿದ್ದು ತಣ್ಣಗಾಗಿ ಫರ್ಮೆಂಟರ್ (ಹುದುಗುವ ಪಾತ್ರೆ) ಸೇರಿತು, ಒಳಗಿನ ಅನಿಲ ಹೊರಬಿಟ್ಟು ಹೊರಗಿನ ಗಾಳಿ ತಡೆಯುವ ಏರ್‌ಲಾಕ್ ಕೂತಿತು, ನೆಲ ಒರೆಸಿದ್ದೂ ಆಯಿತು. ಉಳಿದದ್ದು ಬಕೆಟ್ ತುಂಬಾ ಸ್ಯಾನಿಟೈಸರ್, ಅಂದರೆ ಉಪಕರಣಗಳ ಮೇಲಿನ ಸೂಕ್ಷ್ಮಜೀವಿಗಳನ್ನು ಕೊಲ್ಲುವ ದ್ರಾವಣ. ಚೆಲ್ಲೋಕೆ ಮನಸ್ಸಿಲ್ಲ, ಇಟ್ಟುಕೊಳ್ಳೋಕೆ ಧೈರ್ಯ ಇಲ್ಲ.

ಎಷ್ಟು ದಿನ ಇಡಬಹುದು ಅಂತ ಎಲ್ಲರೂ ಕೇಳುತ್ತಾರೆ. ನನ್ನ ಪ್ರಕಾರ ದಿನ ಎಣಿಸಿ ಉಪಯೋಗವಿಲ್ಲ. ಆ ದ್ರಾವಣ ಯಾವುದರಿಂದ ಕೆಲಸ ಮಾಡುತ್ತದೆ, ಆ ಶಕ್ತಿಯನ್ನು ಯಾವುದು ತಿನ್ನುತ್ತದೆ, ಅದನ್ನು ನೋಡಬೇಕು.

ಸ್ಟಾರ್ ಸ್ಯಾನ್ ಥರದ ಆಮ್ಲದ ಸ್ಯಾನಿಟೈಸರ್ ತೆಗೆದುಕೊಳ್ಳಿ. ಅದರಲ್ಲಿ ಮುಖ್ಯವಾಗಿ ಎರಡು ವಸ್ತು ಇವೆ: ಫಾಸ್ಫಾರಿಕ್ ಆಮ್ಲ, ಜೊತೆಗೆ ಸೋಪಿನ ಹಾಗೆ ನೊರೆ ಬರಿಸುವ ಒಂದು ರಾಸಾಯನಿಕ. 19 ಲೀಟರ್ ನೀರಿಗೆ ಸುಮಾರು 30 ಮಿಲಿ ಹಾಕಿದರೆ ಸಾಕು. ಪಿಎಚ್ ಅಂದರೆ ಆಮ್ಲೀಯತೆಯ ಅಳತೆ, ಅಂಕಿ ಇಳಿದಷ್ಟೂ ಆಮ್ಲೀಯತೆ ಜಾಸ್ತಿ. ಅದು 3ಕ್ಕಿಂತ ಕೆಳಗೆ ಇಳಿದಾಗ ಬ್ಯಾಕ್ಟೀರಿಯಾದ ಹೊರಮೈ ಧನ ವಿದ್ಯುದಂಶ ಪಡೆಯುತ್ತದೆ. ನೊರೆಯ ಅಣುವಿನದು ಋಣ. ಎರಡೂ ಅಂಟಿಕೊಳ್ಳುತ್ತವೆ, ಬ್ಯಾಕ್ಟೀರಿಯಾದ ಹೊದಿಕೆ ಹರಿದುಹೋಗುತ್ತದೆ. ಒಂದೆರಡು ನಿಮಿಷ ಒದ್ದೆಯಾಗಿದ್ದರೆ ಕೆಲಸ ಮುಗಿಯಿತು. ಆದರೆ ಪಿಎಚ್ 3ರಿಂದ 4ಕ್ಕೆ ಏರಿತು ಅಂದರೆ ಒಂದೇ ಅಂಕಿ ತಾನೇ ಅಂತ ಬಿಡಬೇಡಿ, ಆಮ್ಲೀಯತೆ ಹತ್ತರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ.

ಪಿಎಚ್ ಏರಿಸುವುದು ಯಾರು? ಮೊದಲನೆಯದು ನಲ್ಲಿಯ ಗಡಸು ನೀರು. ನಾನು ಒಂದು ಸಲ ಎರಡು ಗಾಜಿನ ಜಾಡಿಯಲ್ಲಿ ಒಂದೇ ಅಳತೆಯಲ್ಲಿ ಬೆರೆಸಿ ಕಿಟಕಿ ಪಕ್ಕ ಇಟ್ಟೆ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಡಿಸ್ಟಿಲ್ಡ್ ವಾಟರ್. ಬೆಳಗಾಗುವಷ್ಟರಲ್ಲಿ ನಲ್ಲಿ ನೀರಿನದು ಮಜ್ಜಿಗೆ ತಿಳಿಯ ಹಾಗೆ ಮಬ್ಬಾಗಿತ್ತು, ಹಿಂದೆ ಇಟ್ಟ ಕಾಗದದ ಅಕ್ಷರವೇ ಕಾಣಲಿಲ್ಲ. ಡಿಸ್ಟಿಲ್ಡ್ ವಾಟರ್‌ನದು ವಾರಗಟ್ಟಲೆ ತಿಳಿಯಾಗೇ ಇತ್ತು. ಗಡಸು ನೀರಿನ ಬೈಕಾರ್ಬನೇಟ್ ಆಮ್ಲವನ್ನು ತಿಂದುಹಾಕುತ್ತದೆ, ಕ್ಯಾಲ್ಸಿಯಂ ಹೋಗಿ ನೊರೆಯ ಅಣುವಿಗೆ ಕಚ್ಚಿಕೊಂಡು ಕರಗದ ಪುಡಿಯಾಗುತ್ತದೆ. ಮಬ್ಬು ಅಂದರೆ ಅದೇ.

ಮಬ್ಬಾದ ಕೂಡಲೇ ಕೆಟ್ಟೇಹೋಯಿತು ಅಂತಲ್ಲ. ಪಿಎಚ್ ಪಟ್ಟಿ ಅದ್ದಿ ನೋಡಿ. 1ರಿಂದ 14ರವರೆಗಿನ ಪಟ್ಟಿಯಲ್ಲಿ 3ಕ್ಕೂ 4ಕ್ಕೂ ಬಣ್ಣದ ವ್ಯತ್ಯಾಸ ಹಿಡಿಯೋದು ಕಷ್ಟ, ಆಮ್ಲದ ಕಡೆಯ ಅಂಕಿಗಳನ್ನು ಬಿಡಿಸಿ ತೋರಿಸುವ ಪಟ್ಟಿಯೇ ಬೇಕು. ನಾನಂತೂ ಮಬ್ಬಾದದ್ದು 3ರ ಕೆಳಗಿದ್ದರೆ ಆ ದಿನದ ಕೆಲಸ ಮುಗಿಸಿ ಚೆಲ್ಲುತ್ತೇನೆ, ಎತ್ತಿಡುವುದಿಲ್ಲ.

ಇನ್ನೊಂದು ಶತ್ರು ನಾವೇ ತಂದು ಹಾಕುವುದು. ಕ್ಷಾರದ ಕ್ಲೀನರ್‌ನಲ್ಲಿ ತೊಳೆದ ಟ್ಯೂಬನ್ನು ಸರಿಯಾಗಿ ಜಾಲಾಡಿಸದೆ ಹಾಗೇ ಬಕೆಟ್ಟಿಗೆ ಇಳಿಸಿದರೆ ಒಳಗೆ ನಿಂತ ಕ್ಷಾರ ಆಮ್ಲವನ್ನು ಸುಮ್ನೆ ಸಾಯಿಸುತ್ತದೆ. ಮಾಲ್ಟಿನ ಜಿಡ್ಡು ಹಾಗೇ ಇದ್ದರೆ ಅದರ ಕೆಳಗಿನ ಜೀವಿಗೆ ಸ್ಯಾನಿಟೈಸರ್ ತಲುಪುವುದೇ ಇಲ್ಲ. ಆದ್ದರಿಂದ ಉಪಕರಣ ಎಷ್ಟು ಚೆನ್ನಾಗಿ ತೊಳೆದಿದೆಯೋ, ದ್ರಾವಣ ಅಷ್ಟು ಜಾಸ್ತಿ ದಿನ ಬಾಳುತ್ತದೆ. ಇಷ್ಟು ನೋಡಿಕೊಂಡು, ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಕ್ಯಾನಿನಲ್ಲಿಟ್ಟರೆ ಇದನ್ನು ಮತ್ತೆ ಮತ್ತೆ ಬಳಸಬಹುದು.

ಅಯೋಡಿನ್ ಬಳಸುವವರು ಇದೇ ಲೆಕ್ಕ ಹಿಡಿಯಬೇಡಿ. ಐಯೊಡೊಫೋರ್ ಅನ್ನುವ ಅಯೋಡಿನ್ ಸ್ಯಾನಿಟೈಸರ್ ಕೆಲಸ ಮಾಡುವುದು 12.5 ಪಿಪಿಎಂ (ಹತ್ತು ಲಕ್ಷದಲ್ಲಿ 12.5 ಪಾಲು) ಅಯೋಡಿನ್‌ನಿಂದ, ಆ ಅಯೋಡಿನ್ ಗಾಳಿಗೆ ಹಾರಿಹೋಗುತ್ತದೆ. ತೆರೆದ ಬಕೆಟ್ಟಿನಲ್ಲಿ ಕಂದು ಬಣ್ಣ ಮಾಸುತ್ತಾ ಬರುವುದನ್ನು ಕಣ್ಣಾರೆ ನೋಡಬಹುದು. ಬಣ್ಣ ಹೋದರೆ ಶಕ್ತಿಯೂ ಹೋಯಿತು. ಆದರೆ ಬಣ್ಣ ಇದೆ ಅಂದ ಮಾತ್ರಕ್ಕೆ ಸಾಕಷ್ಟು ಅಯೋಡಿನ್ ಇದೆ ಅಂತ ಹೇಳೋಕಾಗಲ್ಲ, ಅಲ್ವಾ? ಇದನ್ನು ಅವತ್ತಿಗೆ ಎಷ್ಟು ಬೇಕೋ ಅಷ್ಟೇ ಬೆರೆಸಿಕೊಳ್ಳುವುದು ವಾಸಿ.

ಸೋಡಿಯಂ ಪರ್ಕಾರ್ಬನೇಟ್ ಇರುವ ತೊಳೆಯುವ ಪುಡಿಯ ದ್ರಾವಣವನ್ನಂತೂ ಬಾಟಲಿಗೆ ತುಂಬಿ ಮುಚ್ಚಳ ಹಾಕಲೇಬೇಡಿ. ಅದರಿಂದ ಆಮ್ಲಜನಕ ಬರುತ್ತಲೇ ಇರುತ್ತದೆ, ಒತ್ತಡ ಏರಿ ಬಾಟಲಿ ಒಡೆಯಬಹುದು.

ನನಗೆ ಬಕೆಟ್ಟಿಗಿಂತ ಸ್ಪ್ರೇ ಬಾಟಲಿಯೇ ಇಷ್ಟ. ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ ಸೂಜಿಯಿಲ್ಲದ ಸಿರಿಂಜಿನಲ್ಲಿ 0.8 ಮಿಲಿ ಆಮ್ಲದ ಸ್ಯಾನಿಟೈಸರ್, ಅಷ್ಟೇ. ನಲ್ಲಿ, ಮುಚ್ಚಳ, ಏರ್‌ಲಾಕಿನ ಬಾಯಿ ಎಲ್ಲದಕ್ಕೂ ನೊರೆ ಕೂರುವ ಹಾಗೆ ಹೊಡೆದು ಎರಡು ನಿಮಿಷ ಬಿಡುತ್ತೇನೆ. ಬಾಟಲಿ ಮೇಲೆ ಏನಿದೆ, ಯಾವತ್ತು ಬೆರೆಸಿದ್ದು, ಕೊನೆಯ ಸಲ ಪಿಎಚ್ ಎಷ್ಟಿತ್ತು ಅಂತ ಅಳಿಸದ ಪೆನ್ನಿನಲ್ಲಿ ಬರೆದಿರುತ್ತೇನೆ. ನೋಡೋಕೆ ಇದು ಬರೀ ನೀರಿನ ಹಾಗೇ ಇರುತ್ತದೆ, ಬ್ಲೀಚಿನ ಪಕ್ಕ ಇಟ್ಟು ಯಾರಾದರೂ ಗೊತ್ತಿಲ್ಲದೆ ಎರಡನ್ನೂ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಹಾಗಾಗಿ ಬ್ಲೀಚ್ ಬೇರೆ ಕಪಾಟಿನಲ್ಲಿ, ಇದು ಫರ್ಮೆಂಟರ್ ಪಕ್ಕದಲ್ಲಿ.