ರಿಪೀಟರ್‌ನ ಹಳೆ ಫೋನ್ ಪ್ಯಾಚ್ ಬದಲಿಸುವಾಗ ಏನು ನೋಡಬೇಕು: ಹ್ಯಾಮ್ ಕಲಿಯುವವರಿಗೆ ಟಿಪ್ಪಣಿ

ಮೊಬೈಲ್ ಫೋನ್ ಬರುವ ಮುಂಚೆ ಅಮೆರಿಕದ ಹ್ಯಾಮ್‌ಗಳು, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋದವರು, ಕಾರಿನಲ್ಲಿ ಕೂತೇ ಮನೆಗೆ ಫೋನ್ ಮಾಡುತ್ತಿದ್ದರು. 2 ಮೀಟರ್ ಬ್ಯಾಂಡಿನ ರೇಡಿಯೋ ಸೆಟ್‌ನ ಕೀಪ್ಯಾಡ್ ಒತ್ತಿದರೆ ಬೆಟ್ಟದ ಮೇಲಿನ ಕ್ಲಬ್ ರಿಪೀಟರ್ (ಬಂದ ಸಿಗ್ನಲ್ ಹಿಡಿದು ಮತ್ತೆ ಪ್ರಸಾರ ಮಾಡುವ ಸ್ಟೇಷನ್) ಅದನ್ನು ಕೇಳಿಸಿಕೊಂಡು ಟೆಲಿಫೋನ್ ಲೈನ್ ಎತ್ತುತ್ತಿತ್ತು. ರೇಡಿಯೋವನ್ನು ಫೋನ್ ಲೈನ್‌ಗೆ ಜೋಡಿಸುವುದು ಫೋನ್ ಪ್ಯಾಚ್, ಹೀಗೆ ತಾನಾಗಿಯೇ ಜೋಡಿಸುವುದು ಆಟೋಪ್ಯಾಚ್. ಈಗ ಅಲ್ಲಿನ ಎಷ್ಟೋ ಕ್ಲಬ್‌ಗಳು ಇದನ್ನು ಬದಲಿಸಬೇಕಾಗಿ ಬಂದಿದೆ. ತಾಮ್ರದ ಲೈನ್‌ಗಳನ್ನು ಕಂಪನಿಗಳು ಒಂದೊಂದಾಗಿ ತೆಗೆಯುತ್ತಿವೆ, ಉಳಿದವಕ್ಕೆ ಬಾಡಿಗೆ ಜಾಸ್ತಿ, ಹಳೆ ಕಂಟ್ರೋಲರ್ ಬೋರ್ಡ್‌ಗೆ ಬಿಡಿಭಾಗ ಸಿಗುವುದಿಲ್ಲ.

ಸುಮ್ನೆ ಹಳೆ ಡಬ್ಬ ತೆಗೆದು ಹೊಸ ಡಬ್ಬ ಇಟ್ಟರೆ ಕೆಲಸ ಮುಗಿಯುವುದಿಲ್ಲ. ಪ್ಯಾಚ್ ಮಾಡುವುದು ಎರಡು ಕೆಲಸ. ಹೋಗುವ ಮಾತು ಮತ್ತು ಬರುವ ಮಾತನ್ನು ಬೇರೆ ಮಾಡುವುದು ಒಂದು. ಟ್ರಾನ್ಸ್‌ಮಿಟರ್ ಯಾವಾಗ ಆನ್ ಆಗಬೇಕು, ಯಾವಾಗ ಬಿಡಬೇಕು ಎಂದು ತೀರ್ಮಾನಿಸುವುದು ಇನ್ನೊಂದು. ಇಂಟರ್ನೆಟ್ ಫೋನ್‌ಗೆ ಹೋದರೂ ಈ ಎರಡೂ ಹಾಗೇ ಉಳಿಯುತ್ತವೆ.

ಸ್ವಲ್ಪ ಇತಿಹಾಸ

ಅಮೆರಿಕದಲ್ಲಿ ಫೋನ್ ಕಂಪನಿ ಕೊಟ್ಟದ್ದನ್ನು ಬಿಟ್ಟು ಬೇರೆ ಯಾವ ಉಪಕರಣವನ್ನೂ ಲೈನ್‌ಗೆ ಸೇರಿಸುವ ಹಾಗಿರಲಿಲ್ಲ. ಟೆಕ್ಸಾಸ್‌ನ ಥಾಮಸ್ ಕಾರ್ಟರ್ ಎಂಬುವರು ಕಾರ್ಟರ್‌ಫೋನ್ ಎಂಬ ತೊಟ್ಟಿಲು ಮಾಡಿದರು. ಫೋನ್ ರಿಸೀವರನ್ನು ಅದರ ಮೇಲೆ ಇಟ್ಟರೆ ದೂರದಲ್ಲಿ ರೇಡಿಯೋ ಹಿಡಿದು ನಿಂತವರ ಜೊತೆ ಮಾತಾಡಬಹುದಿತ್ತು. ತಂತಿ ಜೋಡಣೆ ಇಲ್ಲ, ಬರೀ ಶಬ್ದದ ಮೂಲಕ. ನಿಜಕ್ಕೂ ಅದೊಂದು ಫೋನ್ ಪ್ಯಾಚೇ ಅಲ್ವಾ? ಕಂಪನಿ ತಡೆಯಿತು, ವ್ಯಾಜ್ಯ ನಡೆಯಿತು. 1968ರಲ್ಲಿ ಅಮೆರಿಕದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಕಾರ್ಟರ್ ಪರ ತೀರ್ಪು ಕೊಟ್ಟಿತು. ಹೊರಗಿನವರ ಮೋಡೆಮ್, ಆನ್ಸರಿಂಗ್ ಮಶೀನ್ ಎಲ್ಲಕ್ಕೂ ದಾರಿ ತೆರೆದದ್ದು ಈ ತೀರ್ಪು. ರೇಡಿಯೋ ಕಲಿಯುವ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು ಅಂತ ನನಗೆ ಅನ್ನಿಸುತ್ತದೆ.

ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಎಷ್ಟೋ ಸೈನಿಕರು ಮನೆಯವರ ಜೊತೆ ಮಾತಾಡಿದ್ದೂ ಹ್ಯಾಮ್‌ಗಳ ಪ್ಯಾಚ್ ಮೂಲಕವೇ. ಅರಿಜೋನಾದ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ಅವರ ಮನೆಯ ಸ್ಟೇಷನ್ ಇದಕ್ಕೆ ಹೆಸರಾಗಿತ್ತು. ಮಾತಾಡಿ ಮುಗಿಸಿದವರು "ಓವರ್" ಅನ್ನಬೇಕು, ಆಗ ಹ್ಯಾಮ್ ಸ್ವಿಚ್ ತಿರುಗಿಸುತ್ತಿದ್ದರು. ಟ್ರಾನ್ಸ್‌ಮಿಟರ್ ಯಾರ ಕೈಯಲ್ಲಿ ಎಂಬ ಪ್ರಶ್ನೆಗೆ ಅವತ್ತಿನ ಉತ್ತರ ಒಬ್ಬ ಮನುಷ್ಯ.

ಹೈಬ್ರಿಡ್: ಇಲ್ಲಿ ನಿಧಾನವಾಗಿ ಓದಿ

ಟೆಲಿಫೋನ್ ಲೈನ್ ಎಂದರೆ ಎರಡೇ ತಂತಿ. ನಮ್ಮ ಮಾತು, ಅವರ ಮಾತು ಎರಡೂ ಅದರಲ್ಲೇ. ಫೋನ್ ಇಟ್ಟಿದ್ದಾಗ ಸುಮಾರು 48 ವೋಲ್ಟ್ ಡಿಸಿ ಇರುತ್ತದೆ. ಎತ್ತಿದರೆ ಕರೆಂಟ್ ಹರಿದು ವೋಲ್ಟೇಜ್ ಹತ್ತರ ಆಸುಪಾಸಿಗೆ ಇಳಿಯುತ್ತದೆ. ಗಂಟೆ ಹೊಡೆಯುವಾಗ ಸುಮಾರು 90 ವೋಲ್ಟ್, 20 ಹರ್ಟ್ಸ್ ಎಸಿ ಬರುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ.

ರೇಡಿಯೋ ಕಡೆ ಮಾತ್ರ ರಿಸೀವರ್ ಬೇರೆ, ಟ್ರಾನ್ಸ್‌ಮಿಟರ್ ಬೇರೆ. ಎರಡು ತಂತಿಯನ್ನು ಈ ಎರಡು ದಾರಿಗೆ ಒಡೆಯುವ ಸರ್ಕ್ಯೂಟ್ ಹೈಬ್ರಿಡ್. ಅದು ತಕ್ಕಡಿಯ ಹಾಗೆ. ಒಂದು ತಟ್ಟೆಯಲ್ಲಿ ನಿಜವಾದ ಲೈನ್, ಇನ್ನೊಂದರಲ್ಲಿ ಅದೇ ಇಂಪಿಡೆನ್ಸ್ (ಎಸಿ ಸಿಗ್ನಲ್‌ಗೆ ಒಡ್ಡುವ ತಡೆ) ಇರುವ ನಕಲಿ ಲೈನ್, ಅಂದರೆ ರೆಸಿಸ್ಟರ್ ಮತ್ತು ಕೆಪಾಸಿಟರ್. ಎರಡೂ ಸಮ ಇದ್ದರೆ ರಿಸೀವರ್‌ನಿಂದ ಬಂದ ಮಾತು ಲೈನ್‌ಗೆ ಹೋಗುತ್ತದೆ, ಟ್ರಾನ್ಸ್‌ಮಿಟರ್ ಕಡೆಗೆ ಸೋರುವುದಿಲ್ಲ. ಪುಸ್ತಕದಲ್ಲಿ ಲೈನ್ ಅಂದರೆ 600 ಓಮ್. ನಿಜವಾದ ಲೈನ್ ಎಕ್ಸ್‌ಚೇಂಜಿನಿಂದ ಎಷ್ಟು ದೂರವಿದೆ ಎಂಬುದರ ಮೇಲೆ ಇಂಪಿಡೆನ್ಸ್ ಬದಲಾಗುತ್ತದೆ. ಅದಕ್ಕೇ ಪ್ರತಿ ಜಾಗದಲ್ಲೂ ಮತ್ತೆ ಹೊಂದಿಸಬೇಕು. ರಿಸೀವರ್ ಕಡೆಯಿಂದ 1 ಕಿಲೋಹರ್ಟ್ಸ್ ಟೋನ್ ಕೊಡಿ. ಟ್ರಾನ್ಸ್‌ಮಿಟರ್ ಕಡೆ ಮೀಟರ್ ಇಟ್ಟು, ಮುಳ್ಳು ಆದಷ್ಟು ಕೆಳಗೆ ಬರುವ ತನಕ ರೆಸಿಸ್ಟರ್, ಕೆಪಾಸಿಟರ್ ತಿರುಗಿಸಿ. ಆಮೇಲೆ ಮನುಷ್ಯರ ಮಾತಿನಲ್ಲಿ ಮತ್ತೆ ನೋಡಿ. ಒಂದು ಟೋನ್‌ಗೆ ಸಮವಾದದ್ದು ಎಲ್ಲಾ ಫ್ರೀಕ್ವೆನ್ಸಿಗೂ ಸಮವಾಗಿರುತ್ತದೆ ಅಂತಿಲ್ಲ.

ಹಳೆ ತಾಮ್ರದ ಲೈನ್‌ನಲ್ಲಿ ಹೈಬ್ರಿಡ್ ಸ್ವಲ್ಪ ಸೋರಿದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸೋರಿದ ಮಾತು ತಕ್ಷಣ ಬರುತ್ತಿತ್ತು, ನಮ್ಮ ಮಾತಿನ ಜೊತೆಯೇ ಬೆರೆತು ಹೋಗುತ್ತಿತ್ತು. ಇಂಟರ್ನೆಟ್ ದಾರಿಯಲ್ಲಿ ಮಾತು ತಡವಾಗುತ್ತದೆ. ಅಷ್ಟೇ ಸೋರಿಕೆ ಈಗ ಪ್ರತಿಧ್ವನಿಯಾಗಿ ಕಿವಿಗೆ ಬಡಿಯುತ್ತದೆ. ಎಷ್ಟೋ ಜನ ಹೊಸ ಫೋನ್ ಸೇವೆಯನ್ನೇ ದೂರುತ್ತಾರೆ. ತಪ್ಪು ಹಳೆ ಹೈಬ್ರಿಡ್‌ನಲ್ಲೇ ಇರಬಹುದು, ಮೊದಲು ಅಲ್ಲಿ ನೋಡಿ.

ಅರ್ಧ ಬದಲಾವಣೆ

ಕಡಿಮೆ ಖರ್ಚಿನ ದಾರಿ ಎಟಿಎ. ಇಂಟರ್ನೆಟ್ ಸೇವೆಯನ್ನು ಮಾಮೂಲಿ ಫೋನ್ ಸಾಕೆಟ್ ಹಾಗೆ ತೋರಿಸುವ ಸಣ್ಣ ಡಬ್ಬ ಇದು. ಹಳೆ ಪ್ಯಾಚನ್ನು ಹಾಗೇ ಅದಕ್ಕೆ ಚುಚ್ಚಬಹುದು. ಕೆಲಸ ಮಾಡುತ್ತದೆ. ಆದರೆ ಆ ಕಡೆಯವರು ಫೋನ್ ಇಟ್ಟಾಗ ಹಳೆ ಎಕ್ಸ್‌ಚೇಂಜ್ ಲೈನ್ ಕರೆಂಟನ್ನು ಒಂದು ಕ್ಷಣ ಕಡಿಯುತ್ತಿತ್ತು. ಪ್ಯಾಚ್‌ಗೆ ಅದೇ ಸೂಚನೆ. ಕೆಲವು ಎಟಿಎಗಳಲ್ಲಿ ಇದನ್ನು ಸೆಟ್ಟಿಂಗ್‌ನಲ್ಲಿ ಆನ್ ಮಾಡಬೇಕು. ಮಾಡದಿದ್ದರೆ ಕರೆ ಮುಗಿದರೂ ಪ್ಯಾಚ್ ಬಿಡುವುದಿಲ್ಲ, ಟೈಮರ್ ಮುಗಿಯುವ ತನಕ ಬೀಪ್ ಬೀಪ್ ಟೋನ್ ಇಡೀ ಜಿಲ್ಲೆಗೆ ಪ್ರಸಾರವಾಗುತ್ತದೆ.

ಪೂರ್ತಿ ಬದಲಾವಣೆ

ಇನ್ನೊಂದು ದಾರಿ ನನಗೆ ಜಾಸ್ತಿ ಇಷ್ಟ. ಒಂದು ಸಣ್ಣ ಕಂಪ್ಯೂಟರ್, ರಾಸ್ಪ್‌ಬೆರಿ ಪೈ ಸಾಕು. ಅದರಲ್ಲಿ ಆಸ್ಟರಿಸ್ಕ್ ಎಂಬ ಮುಕ್ತ ಟೆಲಿಫೋನ್ ತಂತ್ರಾಂಶ, ಜೊತೆಗೆ ರಿಪೀಟರ್ ನಡೆಸುವ ಆ್ಯಪ್-ಆರ್‌ಪಿಟಿ ಎಂಬ ಭಾಗ. ಇದನ್ನು ಬರೆದವರು ಜಿಮ್ ಡಿಕ್ಸನ್ ಎಂಬ ಹ್ಯಾಮ್. ಆಲ್‌ಸ್ಟಾರ್‌ಲಿಂಕ್ ಜಾಲ ನಿಂತಿರುವುದೂ ಇದರ ಮೇಲೆಯೇ. ರೇಡಿಯೋ ಕಡೆಗೆ ಯುಎಸ್‌ಬಿ ಸೌಂಡ್ ಇಂಟರ್‌ಫೇಸ್ ಬೇಕು. ಅದರಲ್ಲಿ ಧ್ವನಿಯ ಜೊತೆ ಎರಡು ಮುಖ್ಯ ತಂತಿ: ರಿಸೀವರ್‌ಗೆ ಸಿಗ್ನಲ್ ಬಂದಿದೆ ಎಂದು ಹೇಳುವ ಸಿಒಎಸ್, ಟ್ರಾನ್ಸ್‌ಮಿಟರ್ ಒತ್ತುವ ಪಿಟಿಟಿ. ಇಲ್ಲಿ ರೇಡಿಯೋದಿಂದ ಫೋನ್ ಸೇವೆಯ ತನಕ ಎರಡು ದಿಕ್ಕೂ ಬೇರೆ ಬೇರೆ. ಕ್ಲಬ್ ಕಡೆ ಹೈಬ್ರಿಡ್ಡೇ ಇಲ್ಲ. ಆ ಕಡೆಯವರ ಮನೆಯಲ್ಲಿ ಹಳೆ ಲೈನ್ ಇದ್ದರೆ ಮಾತ್ರ ಅಲ್ಲೊಂದು ಇರುತ್ತದೆ.

ಮಾದರಿ ಕಾನ್ಫಿಗರೇಷನ್‌ನಲ್ಲಿ ಸ್ಟಾರ್ 61 ಪ್ಯಾಚ್ ಎತ್ತುತ್ತದೆ, ಸ್ಟಾರ್ 62 ಇಡುತ್ತದೆ. ಆ ಕಡೆಯವರು ಇಟ್ಟರೆ ನಾವೂ ಇಡಬೇಕು ಎಂಬುದಕ್ಕೆ ಬೇರೆ ಆಯ್ಕೆ ಇದೆ. ಎಟಿಎಯಲ್ಲಿ ಕಾಡುವ ಸಮಸ್ಯೆ ಇಲ್ಲಿ ಒಂದು ಸಾಲಿನಲ್ಲಿ ಮುಗಿಯುತ್ತದೆ. ಕೋಡ್ ಮಾತ್ರ ಬದಲಿಸಿಕೊಳ್ಳಿ, ಮಾದರಿಯದನ್ನೇ ಬಿಡಬೇಡಿ.

ಡಿಟಿಎಂಎಫ್, ಅಂದರೆ ಕೀಪ್ಯಾಡ್ ಟೋನ್‌ಗಳ ವಿಷಯ, ಹ್ಯಾಮ್ ಲೈಸೆನ್ಸ್ ಪರೀಕ್ಷೆಗೂ ಬೇಕು. ಪ್ರತಿ ಕೀ ಎರಡು ಟೋನ್ ಕಳಿಸುತ್ತದೆ. ಸಾಲಿಗೆ 697, 770, 852, 941 ಹರ್ಟ್ಸ್. ಕಂಬಕ್ಕೆ 1209, 1336, 1477, 1633. 5 ಒತ್ತಿದರೆ 770 ಮತ್ತು 1336. ಹಳೆ ಬೋರ್ಡ್‌ಗಳಲ್ಲಿ ಇದನ್ನು ಗುರುತಿಸುತ್ತಿದ್ದದ್ದು ಎಂಟಿ8870 ತರಹದ ಐಸಿ, ಈಗ ತಂತ್ರಾಂಶ. ಫೋನ್ ಸೇವೆಯ ಕಡೆ ಜಿ.711 ಕೊಡೆಕ್ (ಧ್ವನಿಯನ್ನು ಡಿಜಿಟಲ್ ಮಾಡುವ ವಿಧಾನ) ಇಡಿ. ಜಾಸ್ತಿ ಹಿಂಡುವ ಕೊಡೆಕ್‌ಗಳು ಮಾತನ್ನು ಉಳಿಸುತ್ತವೆ, ಟೋನನ್ನು ಕೆಡಿಸುತ್ತವೆ. ಒತ್ತಿದ ಟೋನ್ ರಿಪೀಟರ್‌ನಿಂದ ಹೊರಗೆ ಕೇಳದ ಹಾಗೆ ಮ್ಯೂಟ್ ಮಾಡಿ, ಇಲ್ಲದಿದ್ದರೆ ಕೇಳುತ್ತಿರುವವರಿಗೆಲ್ಲ ನಿಮ್ಮ ಕೋಡ್ ಸಿಗುತ್ತದೆ.

ಧ್ವನಿ ಮಟ್ಟವನ್ನು ಕೊನೆಗೆ ಹೊಂದಿಸೋಣ ಅಂತ ಬಿಡುವವರೇ ಜಾಸ್ತಿ. ಫೋನ್‌ನಿಂದ ಬಂದ ಮಾತು, ರೇಡಿಯೋದಿಂದ ಬಂದ ಮಾತು ಕೇಳುವವರಿಗೆ ಒಂದೇ ಗಟ್ಟಿಯಲ್ಲಿ ಕೇಳಬೇಕು. ಡೀವಿಯೇಷನ್, ಅಂದರೆ ಮಾತಿಗೆ ತಕ್ಕಂತೆ ಎಫ್‌ಎಂ ಫ್ರೀಕ್ವೆನ್ಸಿ ಆಚೀಚೆ ಸರಿಯುವುದು, 5 ಕಿಲೋಹರ್ಟ್ಸ್ ಮೀರಬಾರದು. ರಿಸೀವರ್‌ನ ಡಿಸ್ಕ್ರಿಮಿನೇಟರ್‌ನಿಂದ (ಎಫ್‌ಎಂನಿಂದ ಧ್ವನಿ ಬಿಡಿಸುವ ಭಾಗ) ನೇರ ಧ್ವನಿ ತೆಗೆದರೆ ಡಿ-ಎಂಫಸಿಸ್ (ಕೀರಲು ಸ್ವರ ತಗ್ಗಿಸುವುದು) ತಂತ್ರಾಂಶದಲ್ಲಿ ಆನ್ ಇರಲಿ, ಸ್ಪೀಕರ್‌ನಿಂದ ತೆಗೆದರೆ ಬೇಡ. ಎರಡು ಸಲ ಆದರೆ ಮಾತು ಮಬ್ಬು, ಒಂದೂ ಆಗದಿದ್ದರೆ ಕೀರಲು.

ಇಂಟರ್ನೆಟ್‌ಗೆ ತೆರೆದ ಆಸ್ಟರಿಸ್ಕ್ ಮೇಲೆ ಕಳ್ಳ ಕರೆ ಮಾಡುವವರ ಕಣ್ಣು ಸದಾ ಇರುತ್ತದೆ. ಕ್ಲಬ್ ದುಡ್ಡಿನಲ್ಲಿ ವಿದೇಶಕ್ಕೆ ಕರೆ ಹೋದ ಮೇಲೆ ಅತ್ತು ಪ್ರಯೋಜನವಿಲ್ಲ. ಸ್ಥಳೀಯ ನಂಬರ್ ಮಾತ್ರ ಹೋಗುವ ಹಾಗೆ ಡಯಲ್‌ಪ್ಲಾನ್ (ಯಾವ ನಂಬರ್‌ಗೆ ಕರೆ ಬಿಡಬೇಕು ಎಂಬ ಆಸ್ಟರಿಸ್ಕ್ ನಿಯಮಪಟ್ಟಿ) ಬರೆಯಿರಿ, ಪ್ರೀಪೇಯ್ಡ್ ಖಾತೆ ಇಡಿ. 911ಕ್ಕೆ ಯಾವ ವಿಳಾಸ ನೋಂದಾಯಿಸಿದ್ದೀರಿ ಎಂದೂ ನೋಡಿ. ತುರ್ತು ಕರೆ ಹೋಗುವುದು ಆ ವಿಳಾಸದ ಕೇಂದ್ರಕ್ಕೆ, ಕಾರು ಇರುವ ಜಾಗಕ್ಕಲ್ಲ. ಹಾಗಾಗಿ ಕರೆ ಮಾಡುವವರು ತಾವು ಎಲ್ಲಿದ್ದೇವೆ ಎಂದು ಮೊದಲೇ ಹೇಳಬೇಕು.

ನಿಯಮದ ಮಾತು

ಎಫ್‌ಸಿಸಿಯ ಹ್ಯಾಮ್ ನಿಯಮಗಳಾದ ಭಾಗ 97ರ ಪ್ರಕಾರ ಮೂರನೆಯವರ (ಫೋನಿನ ಆ ಕಡೆ ಇರುವ, ಹ್ಯಾಮ್ ಅಲ್ಲದವರ) ಮಾತು ಹೋಗುವಾಗ ಸ್ಟೇಷನ್ ಪೂರ್ತಿ ಸ್ವಯಂಚಾಲಿತವಾಗಿ ಓಡುವ ಹಾಗಿಲ್ಲ, ಅದರ ಹೊಣೆ ಹೊತ್ತ ಕಂಟ್ರೋಲ್ ಆಪರೇಟರ್ ಇರಬೇಕು. ಹೆಸರಿನಲ್ಲಿ "ಆಟೋ" ಇದ್ದರೂ ಅಷ್ಟೇ. ಕರೆ ಸಂಕೇತ (ಸ್ಟೇಷನ್‌ನ ಗುರುತಿನ ಹೆಸರು) 10 ನಿಮಿಷಕ್ಕೊಮ್ಮೆ ಮತ್ತು ಕೊನೆಗೆ ಹೇಳಬೇಕು. ವ್ಯಾಪಾರಕ್ಕೆ ಬಳಸುವಂತಿಲ್ಲ, ಆದರೆ 1993ರ ಸಡಿಲಿಕೆಯ ನಂತರ ನಿಮ್ಮ ಊಟಕ್ಕೆ ಪಿಜ್ಜಾ ಹೇಳಬಹುದು. ಬೇರೆ ದೇಶದ ಹ್ಯಾಮ್ ಜೊತೆ ಮೂರನೆಯವರ ಸಂದೇಶ ಸಾಗಿಸಲು ಆ ದೇಶದೊಂದಿಗೆ ಒಪ್ಪಂದ ಬೇಕು. ಭಾರತ ಆ ಪಟ್ಟಿಯಲ್ಲಿಲ್ಲ. ಅಮೆರಿಕದಲ್ಲಿರುವ ಕನ್ನಡದ ಹ್ಯಾಮ್‌ಗಳು ಇದನ್ನು ನೆನಪಿಡಿ.

ಭಾರತದಲ್ಲಿ ಓದುತ್ತಿರುವವರು ಅಮೆರಿಕದ ನಿಯಮವನ್ನು ನಂಬಿ ರೇಡಿಯೋವನ್ನು ಫೋನ್ ಜಾಲಕ್ಕೆ ಜೋಡಿಸಬೇಡಿ. ನಮ್ಮ ಲೈಸೆನ್ಸ್ ಷರತ್ತು ಬೇರೆ. ಕಲಿಯಲು ಅದು ಅಡ್ಡಿಯಲ್ಲ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಎಂಟಿ8870 ಮಾಡ್ಯೂಲ್ ಹುಡುಕಿ ತನ್ನಿ. ಆಸ್ಟರಿಸ್ಕನ್ನು ಮನೆಯ ಒಳಜಾಲದಲ್ಲಿ ಮಾತ್ರ ಓಡಿಸಿ, ಎರಡು ಸಾಫ್ಟ್‌ಫೋನ್ (ಫೋನ್‌ನಂತೆ ಕೆಲಸ ಮಾಡುವ ಆ್ಯಪ್) ಸೇರಿಸಿ ಮಾತಾಡಿ. ಮಟ್ಟ, ತಡ, ಟೋನ್ ಎಲ್ಲವೂ ಮೇಜಿನ ಮೇಲೇ ಅರ್ಥವಾಗುತ್ತದೆ.

ಬೆಟ್ಟಕ್ಕೆ ಹೊತ್ತೊಯ್ಯುವ ಮುಂಚೆ

ಕರೆ ನಡೆಯುತ್ತಿರುವಾಗಲೇ ಒಂದೊಂದಾಗಿ ಕೆಡಿಸಿ ನೋಡಿ. ಟ್ರಾನ್ಸ್‌ಮಿಟರ್ ಡಮ್ಮಿ ಲೋಡ್‌ಗೆ (ಆಂಟೆನಾ ಬದಲು ಪವರ್ ನುಂಗುವ ರೆಸಿಸ್ಟರ್) ಇರಲಿ. ಇಂಟರ್ನೆಟ್ ಕೇಬಲ್ ಕಿತ್ತುಬಿಡಿ. ಆಸ್ಟರಿಸ್ಕನ್ನು ನಿಲ್ಲಿಸಿ. ಯುಎಸ್‌ಬಿ ಕಡ್ಡಿ ಎಳೆಯಿರಿ. ಕಂಪ್ಯೂಟರ್ ಹಾಗೇ ಸ್ತಂಭಿಸಿದರೆ ಪಿಟಿಟಿ ಒತ್ತಿದಂತೆಯೇ ಉಳಿಯಬಹುದು, ಆಗ ತಂತ್ರಾಂಶದ ಟೈಮರ್ ಉಪಯೋಗಕ್ಕೆ ಬರುವುದಿಲ್ಲ. ದೂರದಿಂದ ನಡೆಸುವ ಸ್ಟೇಷನ್‌ನ ಕಂಟ್ರೋಲ್ ಸಂಪರ್ಕ ಕೆಟ್ಟರೆ ಪ್ರಸಾರ 3 ನಿಮಿಷ ಮೀರಬಾರದು ಎನ್ನುತ್ತದೆ ನಿಯಮ. ಅದಕ್ಕೆ ಕಂಪ್ಯೂಟರ್‌ನ ಹಂಗಿಲ್ಲದ ಇನ್ನೊಂದು ಟೈಮರ್ ರೇಡಿಯೋದಲ್ಲೇ ಇರಬೇಕು. ಗಡಿಯಾರ ಹಿಡಿದು ಕೂತು, ಅದು ಬಿಡುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಪೆಟ್ಟಿಗೆ ಮುಚ್ಚಿ.