ಅನುಮತಿ ಸಾವಿರ ಅಡಿಗೆ, ಪೈಪ್‌ಲೈನ್ ನೂರೈವತ್ತು ಮೈಲಿ

ಟೆಕ್ಸಸ್‌ನಿಂದ ಮೆಕ್ಸಿಕೋಗೆ ನೈಸರ್ಗಿಕ ಅನಿಲ ಸಾಗಿಸುವ ಕಂಪನಿಗಳಿಗೆ ಸರ್ಕಾರಿ ಅರ್ಜಿಗಳನ್ನು ಸಿದ್ಧಪಡಿಸಿಕೊಡುವುದು ನನ್ನ ವೃತ್ತಿ. ಊರಿನ ಕಡೆಯವರಿಗೆ ಇದನ್ನು ಹೇಳಿದರೆ, 'ಓ, ಆ ಕೀಸ್ಟೋನ್ ಥರದ್ದಾ?' ಅನ್ನುತ್ತಾರೆ. ಅಲ್ಲ. ಕೀಸ್ಟೋನ್ ಎಕ್ಸ್‌ಎಲ್ ಕೆನಡಾದ ಕಚ್ಚಾ ತೈಲದ ಯೋಜನೆ. ಒಬಾಮಾ 2015ರಲ್ಲಿ ಬೇಡ ಅಂದರು, ಟ್ರಂಪ್ ಆಡಳಿತ 2017ರಲ್ಲಿ ಅನುಮತಿ ಕೊಟ್ಟಿತು, 2019ರಲ್ಲಿ ಟ್ರಂಪ್ ತಾವೇ ಮತ್ತೊಮ್ಮೆ ಸಹಿ ಹಾಕಿದರು, ಬೈಡನ್ 2021ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ರದ್ದು ಮಾಡಿದರು. ತೈಲದ ದಾರಿ ಅದು. ಅನಿಲದ ಕಡತ ಬೇರೆ ಕಚೇರಿಯಲ್ಲಿ, ಬೇರೆ ಆದೇಶದ ಅಡಿಯಲ್ಲಿ ನಡೆಯುತ್ತದೆ. ಅದಕ್ಕೂ 'ಅಧ್ಯಕ್ಷರ ಪರವಾನಗಿ' ಎಂದೇ ಹೆಸರಿದ್ದರೂ ಅಧ್ಯಕ್ಷರ ಮೇಜಿಗೆ ಅದು ಹೋಗುವುದಿಲ್ಲ ಅಂದರೂ ನಡೆದೀತು.

ಗಡಿಯಲ್ಲಿ ಕೊಳವೆ ಹೂಳಲು ಅಧ್ಯಕ್ಷರ ಒಪ್ಪಿಗೆ ಬೇಕೆಂದು ಹೇಳುವ ಕಾಯ್ದೆ ಅಮೆರಿಕದಲ್ಲಿ ಇಲ್ಲ. ವಿದೇಶಾಂಗ ವ್ಯವಹಾರದ ಸಾಂವಿಧಾನಿಕ ಅಧಿಕಾರದಿಂದ ಬೆಳೆದು ಬಂದ ಪದ್ಧತಿ ಅದು. 1953ರಲ್ಲಿ ಐಸೆನ್‌ಹೋವರ್ ತಮ್ಮ 10485ನೇ ಆದೇಶದ ಮೂಲಕ ಅನಿಲ ಮತ್ತು ವಿದ್ಯುತ್ತಿನ ಕೆಲಸವನ್ನು ಅಂದಿನ ಫೆಡರಲ್ ಪವರ್ ಕಮಿಷನ್‌ಗೆ ಒಪ್ಪಿಸಿದರು. 1978ರಲ್ಲಿ ಕಾರ್ಟರ್ 12038ನೇ ಆದೇಶದಿಂದ ಅದನ್ನು ಹೊಸ ಇಂಧನ ಇಲಾಖೆಗೆ ಹೊಂದಿಸಿದರು. ಈಗ ಅನಿಲದ ಪರವಾನಗಿ ಕೊಡುವುದು ಫೆಡರಲ್ ಎನರ್ಜಿ ರೆಗ್ಯುಲೇಟರಿ ಕಮಿಷನ್. ನಾವು ಬಾಯಿಮಾತಿನಲ್ಲಿ ಫರ್ಕ್ ಅನ್ನುತ್ತೇವೆ. ಕೊಡುವ ಮುಂಚೆ ಅದು ವಿದೇಶಾಂಗ ಮತ್ತು ರಕ್ಷಣಾ ಇಲಾಖೆಗಳಿಗೆ ಪತ್ರ ಬರೆದು ಅಭಿಪ್ರಾಯ ಕೇಳಬೇಕು. ಇಬ್ಬರಲ್ಲಿ ಒಬ್ಬರು ಒಪ್ಪದಿದ್ದರೆ ಮಾತ್ರ ಕಡತ ಶ್ವೇತಭವನಕ್ಕೆ. ಸಾಮಾನ್ಯವಾಗಿ ಆ ಪತ್ರಗಳು 'ಆಕ್ಷೇಪವಿಲ್ಲ' ಎಂದೇ ಬರುತ್ತವೆ. ಆದರೆ ಯಾವಾಗ ಬರುತ್ತವೆ ಎಂದು ಕಕ್ಷಿದಾರರಿಗೆ ಮಾತು ಕೊಡುವ ಹಾಗಿಲ್ಲ.

ಅನುಮತಿ ಒಂದಲ್ಲ ಎಂಬುದು ಹೊಸಬರಿಗೆ ಬೇಗ ತಲೆಗೆ ಹತ್ತುವುದಿಲ್ಲ. 1938ರ ನೈಸರ್ಗಿಕ ಅನಿಲ ಕಾಯ್ದೆಯ 3ನೇ ಕಲಮಿನ ಅಡಿಯಲ್ಲಿ ಕಬ್ಬಿಣಕ್ಕೊಂದು, ಅದರೊಳಗೆ ಹರಿಯುವ ಅನಿಲಕ್ಕೊಂದು ಅನುಮತಿ ಬೇಕು. ಗಡಿಯಲ್ಲಿನ ಕಟ್ಟೋಣ ಫರ್ಕ್‌ನದು, ಸರಕಿನ ರಫ್ತು ಇಂಧನ ಇಲಾಖೆಯದು. 1992ರ ತಿದ್ದುಪಡಿಯ ಪ್ರಕಾರ, ಮುಕ್ತ ವ್ಯಾಪಾರ ಒಪ್ಪಂದವಿರುವ ದೇಶಕ್ಕೆ ಅನಿಲ ಕಳಿಸುವುದು ಸಾರ್ವಜನಿಕ ಹಿತಕ್ಕೆ ಅನುಗುಣ ಎಂದೇ ಭಾವಿಸಿ ಬದಲಾವಣೆ, ವಿಳಂಬ ಎರಡೂ ಇಲ್ಲದೆ ಅನುಮತಿ ಕೊಡಬೇಕು. ಮೆಕ್ಸಿಕೋ ಅಂಥ ದೇಶ. ಹಾಗಾಗಿ ಇದು ಬಹುತೇಕ ಗುಮಾಸ್ತರ ಕೆಲಸ. ತೊಡಕು ಬರುವುದು ಅದೇ ಅನಿಲವನ್ನು ಮೆಕ್ಸಿಕೋದ ಪೆಸಿಫಿಕ್ ಕರಾವಳಿಯಲ್ಲಿ ದ್ರವೀಕರಿಸಿ ಹಡಗಿಗೆ ತುಂಬಿ ಮೂರನೆಯ ದೇಶಕ್ಕೆ ಕಳಿಸುವಾಗ. ಭಾರತಕ್ಕೆ ಅಮೆರಿಕದೊಂದಿಗೆ ಈ ಕಲಮು ಕೇಳುವಂಥ ಒಪ್ಪಂದವಿಲ್ಲ. ಆದ್ದರಿಂದ ಗಡಿ ದಾಟಿದ ಅನಿಲ ಕೊನೆಗೆ ದಾಭೋಳ್ ಬಂದರಿಗೋ ದಹೇಜ್ ಬಂದರಿಗೋ ಹೊರಟಿದ್ದರೆ ಸಾರ್ವಜನಿಕ ಹಿತದ ಪೂರ್ತಿ ವಿಚಾರಣೆ ಆಗಬೇಕು. 2024ರ ಜನವರಿಯಲ್ಲಿ ಬೈಡನ್ ಆಡಳಿತ ತಡೆಹಿಡಿದದ್ದು ಈ ಎರಡನೆಯ ಬಗೆಯ ಹೊಸ ಅನುಮತಿಗಳನ್ನು. ಮೆಕ್ಸಿಕೋದಲ್ಲೇ ಉರಿದು ಮುಗಿಯುವ ಅನಿಲಕ್ಕೆ ಅದರ ಬಿಸಿ ತಟ್ಟಲಿಲ್ಲ.

ಇನ್ನು ಕಬ್ಬಿಣದ ಮಾತು. ಜಗಳವೆಲ್ಲ ಇರುವುದು ಇಲ್ಲೇ.

ಪಶ್ಚಿಮ ಟೆಕ್ಸಸ್‌ನ ವಾಹಾ ಎಂಬಲ್ಲಿ ಪರ್ಮಿಯನ್ ಪ್ರದೇಶದ ಅನಿಲ ಕೂಡುತ್ತದೆ. ಅಲ್ಲಿಂದ ಗಡಿಯ ಪ್ರೆಸಿಡಿಯೊ ಊರಿಗೆ 148 ಮೈಲಿ, 42 ಇಂಚು ವ್ಯಾಸದ ಟ್ರಾನ್ಸ್-ಪೆಕೋಸ್ ಪೈಪ್‌ಲೈನ್ ಹಾಕಲಾಯಿತು. 2016ರ ಮೇ ತಿಂಗಳಲ್ಲಿ ಫರ್ಕ್ ಅನುಮತಿ ಕೊಟ್ಟಿತು. ಎಷ್ಟಕ್ಕೆ? ರಿಯೊ ಗ್ರಾಂಡೆ ನದಿಯ ಕೆಳಗೆ ಗಡಿ ಮುಟ್ಟುವ ಸುಮಾರು 1,100 ಅಡಿಗೆ. ಉಳಿದ 148 ಮೈಲಿ ಟೆಕ್ಸಸ್ ರಾಜ್ಯದೊಳಗೇ ಇರುವ ಕೊಳವೆ, ಅದು ನಮ್ಮ ವ್ಯಾಪ್ತಿಯಲ್ಲ ಎಂದಿತು ಆಯೋಗ. ಬಿಗ್ ಬೆಂಡ್ ಸುತ್ತಮುತ್ತಲ ಭೂಮಾಲೀಕರು, ಪರಿಸರದವರು ಸಿಟ್ಟಾದರು. ಇಡೀ ಕೊಳವೆ ಹುಟ್ಟಿದ್ದೇ ರಫ್ತಿಗಾಗಿ, ಸಾವಿರ ಅಡಿ ನೋಡಿ ಕಣ್ಣು ಮುಚ್ಚಿದರೆ ಹೇಗೆ ಎಂದು ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯಕ್ಕೆ ಹೋದರು. 2018ರಲ್ಲಿ ಸೋತರು.

ಸೋಲಿನ ಬೇರು ಎಪ್ಪತ್ತು ವರ್ಷ ಹಿಂದಿನದು. ಕಾಯ್ದೆಯ 7ನೇ ಕಲಮು ರಾಜ್ಯ ರಾಜ್ಯಗಳ ನಡುವಿನ ಕೊಳವೆಗಳಿಗೆ. ಆ ಕಲಮು ಬಿದ್ದರೆ ಇಡೀ ಮಾರ್ಗದ ಪರಿಶೀಲನೆ ನಡೆಯುತ್ತದೆ. 1948ರ ಬಾರ್ಡರ್ ಪೈಪ್ ಲೈನ್ ಪ್ರಕರಣದಲ್ಲಿ ಇದೇ ನ್ಯಾಯಾಲಯ, ವಿದೇಶಕ್ಕೆ ಹೋಗುವ ಅನಿಲ ಅಂತರರಾಜ್ಯ ವ್ಯಾಪಾರವಲ್ಲ ಎಂದು ತೀರ್ಪು ಕೊಟ್ಟಿತ್ತು. ಅಂದಿನಿಂದ ಟೆಕ್ಸಸ್‌ನ ಅನಿಲವನ್ನು ಟೆಕ್ಸಸ್‌ನಿಂದಲೇ ಮೆಕ್ಸಿಕೋಗೆ ಒಯ್ಯುವವನಿಗೆ ಫೆಡರಲ್ ಸರ್ಕಾರ ಎದುರಾಗುವುದು ಗಡಿಯ ಅಂಚಿನಲ್ಲಿ ಮಾತ್ರ. 2024ರ ಫೆಬ್ರವರಿಯಲ್ಲಿ ಅನುಮತಿ ಪಡೆದ ಸಗುವಾರೊ ಕನೆಕ್ಟರ್‌ದೂ ಇದೇ ಲೆಕ್ಕ: ಒಟ್ಟು 155 ಮೈಲಿ, 48 ಇಂಚು, ಫರ್ಕ್ ನೋಡಿದ್ದು ಸುಮಾರು 1,000 ಅಡಿ.

ಹಾಗಾದರೆ ಉಳಿದ ಮೈಲಿಗಳನ್ನು ಯಾರು ನೋಡುತ್ತಾರೆ? ಟೆಕ್ಸಸ್ ರೈಲ್‌ರೋಡ್ ಕಮಿಷನ್. (1891ರಲ್ಲಿ ಹುಟ್ಟಿದ ಈ ಆಯೋಗಕ್ಕೂ ರೈಲಿಗೂ ಈಗ ಸಂಬಂಧವಿಲ್ಲ, ಅದರ ಕೆಲಸವೆಲ್ಲ ತೈಲ ಮತ್ತು ಅನಿಲ.) ಅದು ಸುರಕ್ಷತೆ ನೋಡುತ್ತದೆ, ಕೊಳವೆ ನಡೆಸಲು ಪರ್ಮಿಟ್ ಕೊಡುತ್ತದೆ. ಮಾರ್ಗ ಎಲ್ಲಿ ಹಾಯಬೇಕು, ಈ ಕೊಳವೆ ಬೇಕೇ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಜಮೀನಿನವರು ಒಪ್ಪದಿದ್ದರೆ ರಾಜ್ಯ ಕಾನೂನಿನ ಬಲದಿಂದ ಕಂಪನಿಯೇ ಹಕ್ಕು ಸ್ವಾಧೀನಕ್ಕೆ ಕೋರ್ಟಿಗೆ ಹೋಗುತ್ತದೆ. ಅದೇ ಕೌಂಟಿಯ ಮೂವರು ಭೂಮಾಲೀಕರನ್ನು ಕೋರ್ಟು ನೇಮಿಸುತ್ತದೆ, ಅವರು ಪರಿಹಾರ ನಿಗದಿ ಮಾಡುತ್ತಾರೆ. ಆ ಮೊತ್ತ ಠೇವಣಿ ಇಟ್ಟರೆ ವ್ಯಾಜ್ಯ ನಡೆಯುತ್ತಿರುವಾಗಲೇ ಅಗೆಯಬಹುದು. ದಾಭೋಳ್–ಬೆಂಗಳೂರು ಕೊಳವೆ ಹಾದ ಹೊಲಗಳವರಿಗೆ 1962ರ ಕಾಯ್ದೆಯ 'ಬಳಕೆ ಹಕ್ಕು' ಗೊತ್ತಿರುತ್ತದೆ. ಅಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಆಕ್ಷೇಪಣೆ ಕರೆಯುತ್ತದೆ. ಇಲ್ಲಿ ಅಷ್ಟೂ ಇಲ್ಲ.

ಈ ವಿಭಜನೆಯಿಂದಲೇ ನನ್ನ ಹೊಟ್ಟೆ ತುಂಬುತ್ತದೆ, ನಿಜ. ಆದರೂ ಹೇಳುತ್ತೇನೆ: ಕಾನೂನಿನ ಅರ್ಥ ಸರಿಯಿದೆ, ವ್ಯವಸ್ಥೆ ಸರಿಯಿಲ್ಲ. 148 ಮೈಲಿ ಉದ್ದಕ್ಕೂ ಇರುವವರಿಗೆ 'ಇದು ಯಾಕೆ ಬೇಕು' ಎಂದು ಕೇಳಲು ಒಂದು ಕೋಣೆಯೂ ಇಲ್ಲ. ಇರುವ ಒಂದೇ ಕಡತ ಫರ್ಕ್‌ನದು. ಅವರು ಅಲ್ಲಿಗೇ ಬಂದು ಆಕ್ಷೇಪಣೆ ಸಲ್ಲಿಸುತ್ತಾರೆ, ಪ್ರತಿಯೊಂದಕ್ಕೂ 'ವ್ಯಾಪ್ತಿಯಲ್ಲಿಲ್ಲ' ಎಂಬ ಉತ್ತರ ಬರುತ್ತದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಯೂಟಾದ ರೈಲು ಮಾರ್ಗವೊಂದರ ಪ್ರಕರಣದಲ್ಲಿ, ಪರಿಸರ ಪರಿಶೀಲನೆ ಮಾಡುವ ಸಂಸ್ಥೆ ತನ್ನ ಮುಂದಿರುವ ಯೋಜನೆಯಾಚೆಗಿನ ಬೇರೆ ಯೋಜನೆಗಳ ಪರಿಣಾಮ ಅಳೆಯಬೇಕಿಲ್ಲ ಎಂದ ಮೇಲೆ ಆ ಉತ್ತರ ಇನ್ನಷ್ಟು ಗಟ್ಟಿಯಾಗಿದೆ. ಬದಲಾಯಿಸಬೇಕಾದ್ದು ಕಾಂಗ್ರೆಸ್ಸು, ಅಂದರೆ ಅಮೆರಿಕದ ಸಂಸತ್ತು. ನ್ಯಾಯಾಲಯದಿಂದ ಇದು ಆಗುವುದಿಲ್ಲ.

ಆ ಸಾವಿರ ಅಡಿಯ ಅರ್ಜಿ ಸುಲಭ ಅಂದುಕೊಳ್ಳಬೇಡಿ. ಕಂಪನಿಯ ಸ್ಥಾಪನಾ ಪತ್ರ, ವಕೀಲರ ಅಭಿಪ್ರಾಯ, ಪರಿಸರ ವರದಿ ಎಲ್ಲ ಇರುತ್ತವೆ, ಅವು ಮಾಮೂಲು. ಬೆವರಿಳಿಸುವುದು ಎರಡು ಲಗತ್ತುಗಳು: ಆಚೆ ಬದಿಯ ನಿರ್ವಾಹಕನೊಂದಿಗಿನ ನಿರ್ಮಾಣ ಮತ್ತು ನಿರ್ವಹಣಾ ಒಪ್ಪಂದ, ಮತ್ತು ಕೊಳವೆಗಳು ಕೂಡುವ ಬಿಂದು ತೋರಿಸುವ ನಕ್ಷೆ. 1970ರ ಗಡಿ ಒಪ್ಪಂದದ ಪ್ರಕಾರ ರಿಯೊ ಗ್ರಾಂಡೆಯಲ್ಲಿ ಗಡಿ ಎಂದರೆ ನದಿಯ ಸಾಮಾನ್ಯ ಹರಿವು ಇರುವ ಕಾಲುವೆಯ ನಡುಮಧ್ಯ. ನದಿ ಒಂದೇ ಕಡೆ ನಿಲ್ಲುವ ಜೀವಿಯಲ್ಲ. ಇತ್ತ ಅಡಿ, ಅತ್ತ ಮೀಟರು, ಸರ್ವೆಯ ಆಧಾರ ಚೌಕಟ್ಟೂ ಬೇರೆ. ಎರಡು ಕಂಪನಿಗಳ ಎಂಜಿನಿಯರುಗಳು ಬರೆದ ನಕ್ಷೆಗಳಲ್ಲಿ ಬಿಂದುಗಳು ಕೂಡದಿದ್ದರೆ ಉಭಯ ದೇಶಗಳ ಗಡಿ ಮತ್ತು ಜಲ ಆಯೋಗ ಮುಂದೆ ಹೋಗಲು ಬಿಡುವುದಿಲ್ಲ. ನದೀತಳದ ಕೆಳಗೆ ಎಷ್ಟು ಆಳದಲ್ಲಿ ಕೊರೆಯುತ್ತೀರಿ ಎಂಬ ಪ್ರಶ್ನೆಯೂ ಅಲ್ಲಿಂದಲೇ ಬರುತ್ತದೆ.

ಪರವಾನಗಿ ಕೈಗೆ ಬಂದ ಮೇಲೆ ಕಕ್ಷಿದಾರರು ಅದನ್ನು ಓದುವುದೇ ಇಲ್ಲ, ಬ್ಯಾಂಕಿನ ವಕೀಲರು ಓದಿ ಗಾಬರಿಯಾಗಿ ಫೋನು ಮಾಡುತ್ತಾರೆ. ದೇಶದ ಸುರಕ್ಷತೆಗೆ ಬೇಕೆಂದು ಅಧ್ಯಕ್ಷರು ನಿರ್ಧರಿಸಿದರೆ ಸರ್ಕಾರ ಒಳಹೊಕ್ಕು ಸ್ವಾಧೀನ ಪಡೆಯಬಹುದು ಎಂದು ಅದರಲ್ಲಿದೆ. ಪರವಾನಗಿ ರದ್ದಾದರೆ ಸ್ವಂತ ಖರ್ಚಿನಲ್ಲಿ ಕೊಳವೆ ಕೀಳಬೇಕು. ಅದನ್ನು ಬೇರೆಯವರ ಹೆಸರಿಗೆ ಸ್ವಯಂ ವರ್ಗಾಯಿಸುವಂತಿಲ್ಲ, ಆ ಗಡಿ ಭಾಗವನ್ನು ಕೊಂಡವರು ಹೊಸ ಅರ್ಜಿ ಹಾಕಬೇಕು. ಮಾರಾಟದ ಕರಾರಿಗೆ ಸಹಿ ಬೀಳುವ ಹಿಂದಿನ ವಾರ ಇದು ನೆನಪಾದರೆ ಯಾರ ನಿದ್ದೆಯೂ ಉಳಿಯುವುದಿಲ್ಲ.

ಇಷ್ಟೆಲ್ಲ ಆದರೂ ಅನಿಲ ಹರಿಯುತ್ತದೆ ಎಂಬ ಖಾತರಿಯಿಲ್ಲ. ಟ್ರಾನ್ಸ್-ಪೆಕೋಸ್ 2017ರಲ್ಲೇ ಸಿದ್ಧವಾಯಿತು. ಆದರೆ ಗ್ವಾಡಲಹಾರಾ ತನಕದ ಮೆಕ್ಸಿಕೋದ ಕೊಳವೆ ಸರಣಿ ಮುಗಿದದ್ದು 2020ರಲ್ಲಿ. ಅಲ್ಲಿಯವರೆಗೆ ಇತ್ತಲಿನ ದೊಡ್ಡ ಕೊಳವೆಯಲ್ಲಿ ಸಾಮರ್ಥ್ಯದ ಸಣ್ಣ ಪಾಲಷ್ಟೇ ಹರಿಯಿತು. ಸೊನೊರಾ ರಾಜ್ಯದ ಗ್ವಾಯ್ಮಸ್–ಎಲ್ ಒರೊ ಕೊಳವೆಯದು ಇನ್ನೂ ಕಠಿಣ ಕಥೆ. ಯಾಕಿ ಸಮುದಾಯದ ಎಂಟು ಊರುಗಳಲ್ಲಿ ಲೋಮಾ ದೆ ಬಾಕುಮ್ ಎಂಬುದೊಂದು ಮಾತ್ರ ಒಪ್ಪಲಿಲ್ಲ. 2017ರಲ್ಲಿ ಅಲ್ಲಿನ ಜನ ಕೊಳವೆಯ ಒಂದು ತುಂಡನ್ನೇ ಕತ್ತರಿಸಿ ತೆಗೆದರು, ಅನಿಲ ನಿಂತಿತು. ಆದ್ದರಿಂದ ಹೊಸ ಕಕ್ಷಿದಾರರು ಬಂದಾಗ ಫರ್ಕ್ ಅರ್ಜಿಯ ಮಾತು ಆಮೇಲೆ ಎತ್ತುತ್ತೇನೆ. ಆಚೆ ಬದಿಯಲ್ಲಿ ಯಾವ ಯಾವ ಊರುಗಳನ್ನು ಮಾತಾಡಿಸಿದ್ದೀರಿ, ಯಾರು ಇನ್ನೂ ಹೂಂ ಅಂದಿಲ್ಲ, ಆ ಪಟ್ಟಿಯನ್ನು ಮೊದಲು ಕೇಳುತ್ತೇನೆ.