ಇಂಗ್ಲೆಂಡಿನ 'ಇಂಡಿಯನ್' ಹೋಟ್ಲು ನಡೆಸೋರು ಬಾಂಗ್ಲಾದೇಶದವರು ಯಾಕೆ?

ಓದುಗರ ಪ್ರಶ್ನೆ: ಇಂಗ್ಲೆಂಡಲ್ಲಿ ಇಂಡಿಯನ್ ರೆಸ್ಟೋರೆಂಟ್ ಅಂತ ಬೋರ್ಡ್ ನೋಡಿ ಒಳಗೆ ಹೋದ್ರೆ ಓನರ್, ಅಡುಗೆಯವರು ಎಲ್ರೂ ಬಾಂಗ್ಲಾದೇಶದವರೇ ಇರ್ತಾರಂತೆ, ಊಟಾನೂ ನಮ್ಮ ಥರ ಇರಲ್ವಂತೆ. ಯಾಕೆ ಹಾಗೆ?

ಉತ್ತರ: ಬಾಂಗ್ಲಾದೇಶ ಅನ್ನೋ ಬದಲು ಆ ದೇಶದ ಈಶಾನ್ಯ ಮೂಲೆಯ ಸಿಲ್ಹೆಟ್ ಅನ್ನಿ, ಅರ್ಧ ಉತ್ತರ ಅಲ್ಲೇ ಇದೆ. ಬ್ರಿಟನ್ನಿನ ಕರಿ ಹೌಸ್, ಅಂದ್ರೆ ಈ 'ಇಂಡಿಯನ್' ಹೋಟ್ಲುಗಳಲ್ಲಿ ಬಹುಪಾಲು ಆ ಒಂದೇ ಸೀಮೆಯ ಜನರದ್ದು. ಬ್ರಿಟಿಷರ ಕಾಲದಲ್ಲಿ ಅಲ್ಲಿನ ಹುಡುಗರು ಕಲ್ಕತ್ತಾಗೆ ಬಂದು ಹಡಗು ಸೇರ್ತಿದ್ರು, ಇಂಜಿನ್ ರೂಮಲ್ಲಿ ಕಲ್ಲಿದ್ದಲು ತುಂಬೋ ಕೆಲಸ, ಜೀವ ಹೋಗೋ ಅಷ್ಟು ಸೆಕೆ, ಬಿಳಿಯರಿಗಿಂತ ಎಷ್ಟೋ ಕಮ್ಮಿ ಸಂಬಳ, ಅದಕ್ಕೇ ಹಡಗು ಲಂಡನ್ ಸೇರಿದಾಗ ಕೆಲವರು ಮೆಲ್ಲಗೆ ಇಳಿದು ಊರೊಳಗೆ ಮಾಯ ಆಗ್ಬಿಡೋರು. ಆಮೇಲೆ ಯಾವುದೋ ಹೋಟ್ಲಲ್ಲಿ ಪಾತ್ರೆ ತೊಳೆಯೋದು, ಈರುಳ್ಳಿ ಹೆಚ್ಚೋದು. ಎರಡನೇ ಮಹಾಯುದ್ಧದಲ್ಲಿ ಬಾಂಬ್ ಬಿದ್ದು ಹಾಳಾದ ಕೆಫೆಗಳು ಅಗ್ಗಕ್ಕೆ ಸಿಕ್ಕಾಗ ಇವ್ರು ತಗೊಂಡ್ರು. ಶುರುವಲ್ಲಿ ಹಳೇ ಗಿರಾಕಿಗೆ ಫಿಶ್ ಅಂಡ್ ಚಿಪ್ಸ್, ಜೊತೆಗೆ ಒಂದಿಷ್ಟು ಕರಿ-ರೈಸ್. ರಾತ್ರಿ ಪಬ್ ಮುಚ್ಚಿದ ಮೇಲೂ ಇವ್ರ ಬಾಗಿಲು ತೆಗೆದೇ ಇರೋದು, ಕುಡಿದು ಹಸಿದು ಬಂದೋರು ಚಿಪ್ಸ್ ಬಿಟ್ಟು ನಿಧಾನಕ್ಕೆ ಕರಿಗೆ ಒಗ್ಗಿಕೊಂಡ್ರು.

1962ರಲ್ಲಿ ಕಾಯ್ದೆ ಬಂದು ಕೆಲಸಕ್ಕೆ ಬರೋರಿಗೆ ವೋಚರ್, ಅಂದ್ರೆ ಸರ್ಕಾರದ ಪರವಾನಗಿ ಚೀಟಿ ಬೇಕು ಅಂತಾಯ್ತು. ಆಗ್ಲೇ ಹೋಟ್ಲು ಇಟ್ಟಿದ್ದೋರು ನಾವೇ ಕೆಲಸ ಕೊಡ್ತೀವಿ ಅಂತ ಹೇಳಿ ತಮ್ಮ, ಭಾವಮೈದ, ಪಕ್ಕದ ಮನೆಯವನು ಅಂತ ಒಬ್ಬೊಬ್ಬರನ್ನೇ ಕರೆಸ್ಕೊಂಡ್ರು, ಮುಂಬೈಲಿ ಉಡುಪಿ ಹೋಟ್ಲು ಬೆಳೆದ ಹಾಗೇನೇ.

ಇನ್ನು ಬೋರ್ಡ್ ವಿಷ್ಯ. ಸಿಲ್ಹೆಟ್ 1947ರ ತನಕ ಅಸ್ಸಾಂ ಪ್ರಾಂತ್ಯದಲ್ಲೇ ಇತ್ತು, ಆಮೇಲೆ ಪೂರ್ವ ಪಾಕಿಸ್ತಾನ, 1971ರಲ್ಲಿ ಬಾಂಗ್ಲಾದೇಶ. ಗಿರಾಕಿಗೆ ಗೊತ್ತಿದ್ದಿದ್ದು ಇಂಡಿಯನ್ ಅನ್ನೋದು ಮಾತ್ರ, ವ್ಯಾಪಾರ ನಡೀತಿರುವಾಗ ಬೋರ್ಡ್ ಯಾರು ಬದಲಾಯಿಸ್ತಾರೆ ಹೇಳಿ?

ಊಟ ನಮ್ಮ ಥರ ಯಾಕಿಲ್ಲ ಅಂದ್ರೆ, ಅದು ಸಿಲ್ಹೆಟ್ ಥರಾನೂ ಇಲ್ಲ! ಈರುಳ್ಳಿ, ಶುಂಠಿ, ಬೆಳ್ಳುಳ್ಳಿ ಬೇಯಿಸಿ ರುಬ್ಬಿದ ಒಂದು ದೊಡ್ಡ ಪಾತ್ರೆ ಗ್ರೇವಿ ಬೆಳಿಗ್ಗೇನೇ ರೆಡಿ ಇರುತ್ತೆ. ಆರ್ಡರ್ ಬಂದ ಮೇಲೆ ಅದಕ್ಕೇ ಕ್ರೀಮು, ತೆಂಗಿನಕಾಯಿ ಹಾಕಿದ್ರೆ ಕುರ್ಮಾ, ಖಾರ ಜಾಸ್ತಿ ಮಾಡಿದ್ರೆ ಮದ್ರಾಸ್, ಇನ್ನೂ ಖಾರ ಅಂದ್ರೆ ವಿಂಡಾಲೂ. ಮದ್ರಾಸಿನವರು ಆ ಮದ್ರಾಸ್ ಕರಿ ನೋಡಿದ್ರೆ ಗುರುತೂ ಹಿಡಿಯಲ್ಲ. ಆದ್ರೂ ಇದನ್ನ ನಕಲಿ ಅಂತ ಮೂಗು ಮುರಿಯೋದು ನಂಗೆ ಸರಿ ಕಾಣಲ್ಲ, ಹತ್ತು ನಿಮಿಷದಲ್ಲಿ ಇಪ್ಪತ್ತು ಟೇಬಲ್ಲಿಗೆ ಬಡಿಸೋಕೆ ಅಡುಗೆ ಹಿನ್ನೆಲೆ ಇಲ್ಲದ ಜನ ಕಂಡ್ಕೊಂಡ ದಾರಿ ಅದು. 2001ರಲ್ಲಿ ವಿದೇಶಾಂಗ ಮಂತ್ರಿ ರಾಬಿನ್ ಕುಕ್ ಈ ಹೋಟ್ಲುಗಳ ಚಿಕನ್ ಟಿಕ್ಕಾ ಮಸಾಲಾನೇ ಬ್ರಿಟನ್ನಿನ ನಿಜವಾದ ರಾಷ್ಟ್ರೀಯ ಖಾದ್ಯ ಅಂದುಬಿಟ್ರು.

ಮನೇಲಿ ಮಾತ್ರ ಈ ಸಿಲ್ಹೆಟ್ ಜನ ತಿನ್ನೋದು ಮೀನು, ಶುಟ್ಕಿ ಅಂದ್ರೆ ಒಣಮೀನು, ಶಾತ್ಕೋರಾ ಅನ್ನೋ ನಿಂಬೆ ಜಾತಿ ಹಣ್ಣು ಹಾಕಿ ಮಾಡಿದ ಮಾಂಸ. ಇದ್ಯಾವುದೂ ಎಷ್ಟೋ ವರ್ಷ ಮೆನುಗೇ ಬರಲಿಲ್ಲ. ಈಗ ಮಕ್ಕಳು ಬೇರೆ ಕೆಲಸಕ್ಕೆ ಹೋಗ್ತಿದಾರೆ, ಊರಿಂದ ಅಡುಗೆಯವರನ್ನ ಕರೆಸೋಕೆ ವೀಸಾ ಕಷ್ಟ, ಹಾಗಾಗಿ ಅಂಗಡಿಗಳು ಮುಚ್ತಾ ಇವೆ. ನಿಮಗೆ ದೋಸೆ-ಸಾಂಬಾರೇ ಬೇಕಿದ್ರೆ ಲಂಡನ್ನಿನ ಈಸ್ಟ್ ಹ್ಯಾಮ್, ಟೂಟಿಂಗ್, ವೆಂಬ್ಲಿ ಕಡೆ ಹೋಗಿ. ಬಾಂಗ್ಲಾ ಹೋಟ್ಲುಗಳಿಗೆ ಹೆಸರಾದ ಲಂಡನ್ನಿನ ಬ್ರಿಕ್ ಲೇನ್ ಬೀದಿಗೆ ಹೋದ್ರೆ ಮೆನು ಪಕ್ಕಕ್ಕಿಟ್ಟು ಶಾತ್ಕೋರಾ ಹಾಕಿದ್ದು ಏನಾದ್ರೂ ಇದ್ಯಾ ಅಂತ ಕೇಳಿ ನೋಡಿ.